ಕರ್ನಾಟಕದ ಟಿಬೆಟಿಯನ್ ವಸತಿಗಳು: ಪುನರ್ವಸತಿ ನೆರವಿನ ಇತಿಹಾಸ

ಟಿಬೆಟ್‌ನಿಂದ ಬಂದ ನಿರಾಶ್ರಿತರು ಕರ್ನಾಟಕದಲ್ಲಿ ನೆಲೆಯೂರಲು ಸರ್ಕಾರ, ಟಿಬೆಟಿಯನ್ ಆಡಳಿತ ಮತ್ತು ಸ್ವಯಂಸೇವಾ ಸಂಸ್ಥೆಗಳು ಕಟ್ಟಿದ ನೆರವಿನ ವ್ಯವಸ್ಥೆಯ ಇತಿಹಾಸವಿದು. ಜಮೀನು ಕೊಟ್ಟ ಕಥೆ ಹಲವೆಡೆ ದಾಖಲಾಗಿದೆ. ಒಂದೊಂದು ಕುಟುಂಬದ ಕಾಗದಪತ್ರ, ಕಾಯಿಲೆ, ಮಕ್ಕಳ ಶಾಲೆಗಳ ಬೆನ್ನುಹತ್ತಿ ಓಡಾಡಿದವರ ಕೆಲಸ ಅಷ್ಟಾಗಿ ದಾಖಲಾಗಿಲ್ಲ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಬಂದವರು ಅಸ್ಸಾಮಿನ ಮಿಸ್ಸಾಮಾರಿ, ಬಂಗಾಳದ ಬಕ್ಸಾ ಶಿಬಿರಗಳಲ್ಲಿ ತಂಗಿದರು. ಹಲವರು ಹಿಮಾಲಯದ ರಸ್ತೆ ಕೆಲಸಕ್ಕೆ ಹೋದರು. ಅವರಿಗೆ ಬೇಸಾಯದ ನೆಲೆ ಕೊಡಿರೆಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಬಿಟ್ಟುಕೊಟ್ಟಿತು.

ಈ ನಿರ್ಧಾರವನ್ನು ಹೆಚ್ಚಿನ ಬರಹಗಳು ಎಸ್. ನಿಜಲಿಂಗಪ್ಪನವರ ಹೆಸರಿಗೆ ಬರೆಯುತ್ತವೆ. ಆದರೆ ಮೊದಲ ತಂಡ ಬೈಲಕುಪ್ಪೆ ತಲುಪಿದ 1960ರ ಕೊನೆಯಲ್ಲಿ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. ನಿಜಲಿಂಗಪ್ಪ 1958ರಲ್ಲಿ ಅಧಿಕಾರ ಬಿಟ್ಟು, ಮತ್ತೆ ಬಂದದ್ದು 1962ರ ಜೂನ್‌ನಲ್ಲಿ. ಉತ್ತರ ಕನ್ನಡದ ಮುಂಡಗೋಡದ ವಸತಿ (1966) ಅವರ ಕಾಲದ್ದೇ. ಎರಡು ಘಟ್ಟಗಳನ್ನು ಬೆರೆಸಿದ್ದರಿಂದ ಜತ್ತಿಯವರ ಪಾಲು ಮರೆಯಾಗಿದೆ. ಮುಂದೆ ಬೈಲಕುಪ್ಪೆಯಲ್ಲೇ ಎರಡನೆಯ ವಸತಿ (1969), ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ ಸೇರಿ ಒಟ್ಟು ಐದಾದವು.

ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಕಾನೂನೂ ಇಲ್ಲ. ಹಾಗಾಗಿ ನೆರವೆಲ್ಲ ಆಡಳಿತಾತ್ಮಕ ಆದೇಶಗಳ ಮೇಲೆ ನಿಂತಿತು. ಧರ್ಮಶಾಲೆಯಲ್ಲಿರುವ ಟಿಬೆಟಿಯನ್ ಆಡಳಿತ ಪ್ರತಿ ವಸತಿಗೂ ಒಬ್ಬ ಸೆಟ್ಲ್‌ಮೆಂಟ್ ಆಫೀಸರನ್ನು ನೇಮಿಸಿತು. ಅವರ ಕೆಳಗೆ, ಸಂಖ್ಯೆಯಿಂದಲೇ ಗುರುತಿಸುವ ಕ್ಯಾಂಪುಗಳಿಗೆ ಮುಖಂಡರಿದ್ದರು. ಕಾಡು ಕಡಿದು ಮುಸುಕಿನ ಜೋಳ ಬಿತ್ತಿದ ಕುಟುಂಬಗಳು ಆನೆ, ಹಂದಿ ಬಾರದಂತೆ ರಾತ್ರಿ ಹೊಲ ಕಾಯಬೇಕಿತ್ತು. ಬೆಳೆ ಮಾರಲು ಸಹಕಾರ ಸಂಘ ಬಂತು. ಕಾಲಕಾಲಕ್ಕೆ ಪೊಲೀಸ್ ಕಚೇರಿಯಲ್ಲಿ ನವೀಕರಿಸಬೇಕಾದ ನೋಂದಣಿ ಪುಸ್ತಕ, ಅಂದರೆ 'ಆರ್‌ಸಿ', ಇಲ್ಲದಿದ್ದರೆ ಇಲ್ಲಿನ ವಾಸಕ್ಕೇ ಆಧಾರವಿಲ್ಲ. ಭಾಷೆ ಬಾರದ ವೃದ್ಧರಿಗೆ ಈ ನವೀಕರಣಕ್ಕೆ ಯಾರಾದರೂ ಜೊತೆಗಿರಲೇಬೇಕಿತ್ತು.

ಪುನರ್ವಸತಿಯ ಕೆಲಸದಿಂದಲೇ ಹುಟ್ಟಿದ್ದು ಮೈರಾಡ. ಸ್ವಸಹಾಯ ಸಂಘಗಳ ಚರಿತ್ರೆಯಲ್ಲಿ ದೊಡ್ಡದಾಗಿ ಬರುವ ಈ ಸಂಸ್ಥೆ 1968ರಲ್ಲಿ 'ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ'ಯಾಗಿ ಆರಂಭವಾದದ್ದು ಟಿಬೆಟಿಯನ್ನರನ್ನು ನೆಲೆಗೊಳಿಸಲೆಂದೇ. ಗ್ರಾಮೀಣ ಬಡವರತ್ತ ಅದು ಪೂರ್ತಿ ಹೊರಳಿದ್ದು 1980ರ ದಶಕದಲ್ಲಿ. ಆ ದಶಕದ ನಡುವೆ ಅದರ ಆಶ್ರಯದಲ್ಲಿ ಬೆಳೆದ ಸಣ್ಣ ಗುಂಪುಗಳ ಅನುಭವವು 1992ರಲ್ಲಿ ನಬಾರ್ಡ್ ಆರಂಭಿಸಿದ, ಸ್ವಸಹಾಯ ಸಂಘಗಳನ್ನು ಬ್ಯಾಂಕ್‌ಗಳಿಗೆ ಜೋಡಿಸುವ ಕಾರ್ಯಕ್ರಮಕ್ಕೆ ದಾರಿಯಾಯಿತು. ಕರ್ನಾಟಕದ ಹಳ್ಳಿಗಳಿಗೆ ನಿರಾಶ್ರಿತರ ಪುನರ್ವಸತಿಯಿಂದ ಸಂದ ಈ ಕೊಡುಗೆಗೆ ಇನ್ನೂ ತಕ್ಕ ಮನ್ನಣೆ ಸಿಕ್ಕಿಲ್ಲ.

ಕೇಂದ್ರ ಸರ್ಕಾರದ 2014ರ ಟಿಬೆಟಿಯನ್ ಪುನರ್ವಸತಿ ನೀತಿ ಜಮೀನಿಗೆ 20 ವರ್ಷದ ಗುತ್ತಿಗೆ ಪತ್ರ ಕೊಡಲು, ಉದ್ಯೋಗ ಖಾತ್ರಿ ಮತ್ತು ಪಡಿತರದಂಥ ಯೋಜನೆಗಳನ್ನು ವಿಸ್ತರಿಸಲು ರಾಜ್ಯಗಳಿಗೆ ಸೂಚಿಸಿತು. ಇದೇ ಹೊತ್ತಿಗೆ ಪೌರತ್ವದ ಪ್ರಶ್ನೆಯೂ ಎದ್ದಿತ್ತು. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ಪೌರರು ಎಂಬ ಕಾನೂನು ಟಿಬೆಟಿಯನ್ನರಿಗೂ ಅನ್ವಯಿಸುತ್ತದೆಂದು 2013ರಲ್ಲಿ ಕರ್ನಾಟಕ ಹೈಕೋರ್ಟ್ ತೀರ್ಪು ಕೊಟ್ಟಿತು. ಆದರೆ 2017ರಲ್ಲಿ ವಿದೇಶಾಂಗ ಸಚಿವಾಲಯ ಪಾಸ್‌ಪೋರ್ಟ್‌ಗೆ ಷರತ್ತುಗಳನ್ನು ಹಾಕಿತು: ಆರ್‌ಸಿ ರದ್ದಾಗಿರಬೇಕು, ಅರ್ಜಿದಾರರು ನಿಗದಿತ ವಸತಿಯಲ್ಲಿ ವಾಸಿಸುತ್ತಿರಬಾರದು, ಟಿಬೆಟಿಯನ್ ಆಡಳಿತದ ಸವಲತ್ತು ಪಡೆಯುತ್ತಿರಬಾರದು.