ಮುಂಬಯಿ ಬಂದರಿನಲ್ಲಿ ಸೂರ್ಯಾಸ್ತದ ದೋಣಿವಿಹಾರ: ತಿಳಿದಿರಬೇಕಾದ ಸಂಗತಿಗಳು

ಊರಿನಿಂದ ನೆಂಟರಿಷ್ಟರು ಬಂದರೆ ಮುಂಬಯಿವಾಸಿಗಳಾದ ನಾವು ಅವರನ್ನು ಮೊದಲು ಕರೆದೊಯ್ಯುವುದು ಗೇಟ್‌ವೇ ಆಫ್ ಇಂಡಿಯಾಕ್ಕೆ. ಕಮಾನಿನ ಮುಂದೆ ಒಂದು ಭಾವಚಿತ್ರ, ಸಮಯವಿದ್ದರೆ ಘಾರಾಪುರಿಯ ಲಾಂಚು, ಇಲ್ಲವಾದರೆ ಅಲ್ಲಿಂದಲೇ ಹಿಂದಿರುಗುವ ಬಸ್ಸು. ಇದಕ್ಕೆ ಈಗ ಇನ್ನೊಂದು ಆಕರ್ಷಣೆ ಸೇರಿಕೊಂಡಿದೆ. ಆರೆಂಟು ಮಂದಿ ಕೂಡಿ ಒಂದು ಸಣ್ಣ ಹಾಯಿದೋಣಿಯನ್ನೋ ಯಂತ್ರದ ದೋಣಿಯನ್ನೋ ಗಂಟೆಯ ಲೆಕ್ಕದಲ್ಲಿ ಗೊತ್ತುಮಾಡಿಕೊಂಡು, ಸೂರ್ಯ ಮುಳುಗುವ ಹೊತ್ತಿನಲ್ಲಿ ಬಂದರಿನಲ್ಲಿ ಒಂದು ಸುತ್ತು ಹಾಕಿ ಬರುತ್ತಾರೆ. ನಮ್ಮ ಬಳಗದವರು ಈ ವಿಹಾರವನ್ನು ಎರಡು ಬಾರಿ ಕೈಗೊಂಡಿದ್ದೇವೆ. ಮೊದಲ ಬಾರಿ ತಿಳಿಯದೆ ಮಾಡಿದ ತಪ್ಪುಗಳು ಇತರರಿಗೆ ಒದಗದಿರಲೆಂದು ಈ ಮಾಹಿತಿಯನ್ನು ಒಂದೆಡೆ ಕೊಡುತ್ತಿದ್ದೇವೆ.

ಎಲ್ಲಕ್ಕಿಂತ ಮೊದಲು ದಿಕ್ಕಿನ ವಿಚಾರ. ಮುಂಬಯಿ ಪಶ್ಚಿಮ ಕರಾವಳಿಯ ನಗರ. ಆದ್ದರಿಂದ ಸೂರ್ಯ ಸಮುದ್ರದಲ್ಲಿ ಮುಳುಗಬೇಕೆಂದು ನಾವೆಲ್ಲ ಭಾವಿಸುತ್ತೇವೆ. ಮೆರೈನ್ ಡ್ರೈವಿನಲ್ಲಿ ಕುಳಿತವರಿಗೆ ಅದು ನಿಜ. ಆದರೆ ಗೇಟ್‌ವೇ ಇರುವುದು ದಕ್ಷಿಣ ಮುಂಬಯಿಯ ಪೂರ್ವ ದಂಡೆಯಲ್ಲಿ. ಅದರ ಮುಂದಿರುವುದು ತೆರೆದ ಕಡಲಲ್ಲ, ಆಚೆ ಉರಣ ಮತ್ತು ರಾಯಗಡ ಜಿಲ್ಲೆಯ ಗುಡ್ಡಗಳಿಂದ ಆವೃತವಾದ ಬಂದರು. ಅಲ್ಲಿಂದ ಹೊರಟ ದೋಣಿಯಲ್ಲಿ ಸೂರ್ಯ ಮುಳುಗುವುದು ನಗರದ ಹಿಂದೆ: ಚಳಿಗಾಲದಲ್ಲಿ ಕೊಲಾಬಾದ ಕಟ್ಟಡಗಳ ಮೇಲೆ, ಬೇಸಗೆ ಏರಿದಂತೆ ಉತ್ತರಕ್ಕೆ ಸರಿದು ಫೋರ್ಟ್ ಪ್ರದೇಶದ ಹಿಂದೆ. ಕೆಂಪು ಬಿಂಬ ನೀರಿಗಿಳಿಯುವುದನ್ನು ಕಾಣಲು ಹೋದವರು ನಿರಾಶರಾಗಿ ಹಿಂದಿರುಗುವುದು ಈ ಕಾರಣದಿಂದಲೇ. ಮೊದಲ ಬಾರಿ ನಮ್ಮೊಡನಿದ್ದ ಧಾರವಾಡದ ಅತಿಥಿಯೊಬ್ಬರು ಅರ್ಧ ದಾರಿಯಲ್ಲಿ, "ಅಲ್ರೀ, ಸೂರ್ಯ ಎಲ್ಲಿ ಹೋದಾ?" ಎಂದು ಕೇಳಿದರು. ಆಗ ಅವನು ತಾಜ್ ಹೋಟೆಲಿನ ಗುಮ್ಮಟದ ಹಿಂದಿದ್ದ.

ಹಾಗಾದರೆ ನೋಡುವುದೇನು? ನಗರವನ್ನು. ಗೇಟ್‌ವೇ ಕಮಾನು, 1903ರಲ್ಲಿ ತೆರೆದ ತಾಜ್ ಹೋಟೆಲು, ಅದರ ಪಕ್ಕದಲ್ಲಿ 1973ರ ಗೋಪುರ ಕಟ್ಟಡ, ರಾಯಲ್ ಬಾಂಬೆ ಯಾಚ್ ಕ್ಲಬ್ಬು, ಇವೆಲ್ಲ ಹಗಲಿನಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ. ಸಂಜೆ ಬೆಳಕು ಹಿಂದಿನಿಂದ ಬರುವುದರಿಂದ ಒಂದೇ ಕಪ್ಪು ಗೆರೆಯಾಗಿ ಕೂಡಿಕೊಳ್ಳುತ್ತವೆ. ನಂತರ ಒಂದೊಂದಾಗಿ ದೀಪಗಳು ಹೊತ್ತುತ್ತವೆ. ಕಮಾನಿನ ಹಳದಿ ಕಲ್ಲಿನ ಬಣ್ಣ ಚಿತ್ರದಲ್ಲಿ ಚೆನ್ನಾಗಿ ಬರಬೇಕೆನ್ನುವವರು ಬೆಳಿಗ್ಗೆ ಹೋಗಬೇಕು; ಬಿಸಿಲು ಅದರ ಕಡಲಮುಖದ ಮೇಲೆ ಬೀಳುವುದು ಆಗಲೇ.

ಗೇಟ್‌ವೇಯ ಇತಿಹಾಸ ಬಹುಮಂದಿಗೆ ಗೊತ್ತಿರುವುದೇ. 1911ರಲ್ಲಿ ಐದನೆಯ ಜಾರ್ಜ್ ದೊರೆ ಅಪೋಲೊ ಬಂದರಿನಲ್ಲಿ ಇಳಿದ ನೆನಪಿಗೆ ಅದನ್ನು ಕಟ್ಟಲಾಯಿತು. ಜಾರ್ಜ್ ವಿಟೆಟ್ ವಾಸ್ತುಶಿಲ್ಪಿ. ಉದ್ಘಾಟನೆ 1924ರ ಡಿಸೆಂಬರ್ 4ರಂದು. 1948ರ ಫೆಬ್ರವರಿ 28ರಂದು ಬ್ರಿಟಿಷ್ ಸೇನೆಯ ಕೊನೆಯ ತುಕಡಿ ಇದೇ ಕಮಾನಿನ ಮೂಲಕ ಹೊರಟುಹೋಯಿತು.

ದೋಣಿ ದಂಡೆಯಿಂದ ಸರಿದ ಮೇಲೆ ಎಡಕ್ಕೆ, ಅಂದರೆ ಉತ್ತರಕ್ಕೆ, ನೌಕಾದಳದ ಹಡಗುಕಟ್ಟೆ. ಅಲ್ಲಿ ನಿಂತ ಬೂದುಬಣ್ಣದ ಯುದ್ಧನೌಕೆಗಳ ಚಿತ್ರ ತೆಗೆಯುವುದು ನಿಷಿದ್ಧ. 2008ರ ನವೆಂಬರ್ 26ರಂದು ಉಗ್ರರು ಕಡಲ ಮಾರ್ಗವಾಗಿ ಬಂದು ನಗರದ ಮೇಲೆರಗಿದ ನಂತರ ಇಲ್ಲಿಯ ಪಹರೆ ಬಿಗಿಯಾಗಿದೆ. ದೋಣಿಯವರು ಬೇಡವೆಂದಾಗ ಕ್ಯಾಮೆರಾ ಇಳಿಸುವುದು ಲೇಸು. ಬಲಕ್ಕೆ ಕೊಲಾಬಾದ ದಂಡೆ, ರೇಡಿಯೋ ಕ್ಲಬ್ಬು, ಅದಕ್ಕೂ ದಕ್ಷಿಣಕ್ಕೆ 1875ರಲ್ಲಿ ಆರಂಭವಾದ ಸಸೂನ್ ಡಾಕ್. ಮೀನುಗಾರರ ದೋಣಿಗಳ ಸಾಲು ಮತ್ತು ವಾಸನೆ ಎರಡೂ ಅದರ ಗುರುತು ಹೇಳುತ್ತವೆ. ಕೊಲಾಬಾದ ತುದಿಯ ಬಂಡೆಗಳಾಚೆ ಪ್ರಾಂಗ್ಸ್ ದೀಪಸ್ತಂಭ, ಅದೂ 1875ರದೇ. ಒಂದು ಗಂಟೆಯ ವಿಹಾರದ ಸಣ್ಣ ದೋಣಿಗಳು ಅಷ್ಟು ದೂರ ಹೋಗುವುದಿಲ್ಲ. ದೀಪಸ್ತಂಭದ ಬೆಳಕು ಕಂಡರೆ ಅಷ್ಟೇ ಲಾಭ.

ಪೂರ್ವಕ್ಕೆ ನೋಡಿದರೆ ಬಂದರಿನ ನಡುವೆ ಮಿಡ್ಲ್ ಗ್ರೌಂಡ್ ಎಂಬ ಪುಟ್ಟ ಕೋಟೆಯ ದ್ವೀಪ, ಆಚೆ ತೈಲದ ತೊಟ್ಟಿಗಳಿರುವ ಜವಾಹರ ದ್ವೀಪ, ಅದರಾಚೆ ಸುಮಾರು 10 ಕಿಲೋಮೀಟರ್ ದೂರದಲ್ಲಿ ಘಾರಾಪುರಿಯ ಗುಡ್ಡ. ಘಾರಾಪುರಿ ಎಂದೊಡನೆ ಕನ್ನಡಿಗರಿಗೆ ಒಂದು ಸಂಗತಿ ನೆನಪಾಗಬೇಕು. ಇಮ್ಮಡಿ ಪುಲಿಕೇಶಿಯು ಪಶ್ಚಿಮ ಸಮುದ್ರದ ಸಿರಿಯೆನಿಸಿದ್ದ ಪುರಿಯನ್ನು ನೌಕಾಬಲದಿಂದ ಮುತ್ತಿದನೆಂದು ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹೇಳುತ್ತಾನೆ. ಕೊಂಕಣದ ಮೌರ್ಯರ ಆ ಪುರಿ ಇದೇ ಘಾರಾಪುರಿಯೆಂದು ಕೆಲವು ವಿದ್ವಾಂಸರು, ಜಂಜಿರಾ ಬಳಿಯ ರಾಜಪುರಿಯೆಂದು ಇನ್ನು ಕೆಲವರು. ಮತಭೇದ ಇನ್ನೂ ಬಗೆಹರಿದಿಲ್ಲ. ಬಾದಾಮಿಯ ಹಡಗುಗಳು ಈ ನೀರಿನಲ್ಲೇ ತೇಲಿದ್ದವು ಎಂದು ನೆಂಟರಿಗೆ ಹೇಳುವಾಗ ಒಂದು 'ಬಹುಶಃ' ಸೇರಿಸಿಕೊಂಡರೆ ಸಾಕು. ಈ ದ್ವೀಪದ ಗುಹೆಗಳು 1987ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಆದರೂ ದ್ವೀಪದ ಜನವಸತಿಗೆ ಕಡಲಡಿಯ ಕೇಬಲಿನ ಮೂಲಕ ವಿದ್ಯುತ್ ಬಂದದ್ದು 2018ರ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ರಾತ್ರಿ ಕೆಲವು ಗಂಟೆ ಜನರೇಟರಿನ ಬೆಳಕೇ ಗತಿಯಾಗಿತ್ತು. ಈಗ ಮುಸ್ಸಂಜೆಯಲ್ಲಿ ದೋಣಿಯಿಂದ ಕಾಣುವ ಆ ದೀಪಗಳು ಹೀಗೆ ಬಂದವು.

ಇನ್ನು ಉಬ್ಬರವಿಳಿತದ ವಿಚಾರ. ವಿಹಾರದ ಸುಖದುಃಖವೆಲ್ಲ ಇದರ ಮೇಲೆ ನಿಂತಿದೆ. ಟಿಕೆಟು ಮಾರುವವರು ಇದನ್ನು ಹೇಳುವುದಿಲ್ಲ. ಮುಂಬಯಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ ನಾಲ್ಕು ಮೀಟರನ್ನು ಮೀರುವುದುಂಟು. ದೋಣಿ ಹತ್ತುವುದು ಕಲ್ಲಿನ ಮೆಟ್ಟಿಲುಗಳಿಂದ. ನೀರು ತುಂಬಿದ್ದಾಗ ನಾಲ್ಕಾರು ಒಣ ಮೆಟ್ಟಿಲು ಇಳಿದರೆ ದೋಣಿ. ನೀರು ಇಳಿದಾಗ ಅದರಡಿಯಲ್ಲಿದ್ದ ಮೆಟ್ಟಿಲುಗಳೆಲ್ಲ ಹೊರಬೀಳುತ್ತವೆ; ಅವುಗಳ ಮೇಲೆ ಪಾಚಿ.

ಕೊಂಕಣದ ದಂಡೆಯವರಲ್ಲಿ ಇದಕ್ಕೊಂದು ಹಳೆಯ ಲೆಕ್ಕವಿದೆ. ತಿಥಿಯ ಸಂಖ್ಯೆಯ ಮುಕ್ಕಾಲು ಭಾಗವೇ ಉಬ್ಬರದ ಗಂಟೆ. ಅಷ್ಟಮಿಯಾದರೆ ಎಂಟರ ಮುಕ್ಕಾಲು ಆರು: ಉಬ್ಬರ ಆರು ಗಂಟೆಗೆ. ಹುಣ್ಣಿಮೆಯಾದರೆ ಹದಿನೈದರ ಮುಕ್ಕಾಲು ಹನ್ನೊಂದೂಕಾಲು. ಮುಂಬಯಿಯಲ್ಲಿ ಇದಕ್ಕೆ ಅರ್ಧ ಮುಕ್ಕಾಲು ಗಂಟೆ ಕೂಡಿಸಿಕೊಳ್ಳಬೇಕು. ಅಲ್ಲಿಂದ ಆರು ಗಂಟೆಗೆ ಇಳಿತ. ಇದು ಸ್ಥೂಲ ಲೆಕ್ಕ. ನಿಖರವಾದ ವೇಳೆ ದಿನಪತ್ರಿಕೆಗಳಲ್ಲಿಯೂ ಉಬ್ಬರವಿಳಿತದ ಪಟ್ಟಿಗಳಲ್ಲಿಯೂ ಸಿಗುತ್ತದೆ. ಆದರೆ ಗೋಡೆಯ ಪಂಚಾಂಗ ನೋಡಿ ದಿನ ಗೊತ್ತುಮಾಡುವವರಿಗೆ ಇಷ್ಟು ಸಾಕು.

ಈ ಲೆಕ್ಕದ ಪ್ರಕಾರ ಹುಣ್ಣಿಮೆಯ ಸಂಜೆ ಆರರ ಸುಮಾರಿಗೆ ನೀರು ತೀರ ಕೆಳಗಿರುತ್ತದೆ. ಬಂದರಿನ ಅತ್ಯಂತ ಸೊಗಸಾದ ಸಂಜೆಯೂ ಅದೇ: ಪಶ್ಚಿಮದಲ್ಲಿ ನಗರದ ಹಿಂದೆ ಸೂರ್ಯ ಇಳಿಯುವ ಹೊತ್ತಿಗೆ ಪೂರ್ವದ ಗುಡ್ಡಗಳಿಂದ ಚಂದ್ರ ಏಳುತ್ತಾನೆ. ನೋಟ ಉತ್ತಮವಾದ ದಿನವೇ ಮೆಟ್ಟಿಲು ಅಧಮ.

ನಾವು ಮೊದಲ ಬಾರಿ ಹೋದದ್ದು ಕಾರ್ತಿಕ ಹುಣ್ಣಿಮೆಯಂದು. ಬಳಗದಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರಿದ್ದರು. ಬಾಲ್ಯದಲ್ಲಿ ಕಾರವಾರದಿಂದ ತಂದೆಯ ಕೈಹಿಡಿದು ಹಡಗಿನಲ್ಲಿ ಮುಂಬಯಿಗೆ ಬಂದಿಳಿದವರು. ಬಸ್ಸು ರೈಲುಗಳಲ್ಲಿ ಬಂದ ನಮಗೆ ಈ ನಗರ ಮೊದಲು ಕಂಡದ್ದು ಗಿರಣಿಯ ಚಿಮಣಿ, ಚಾಳುಗಳ ಹಿತ್ತಿಲು. ಅವರು ಕಂಡದ್ದು ನೀರಿನಿಂದ. ಆ ನೋಟವನ್ನು ಇನ್ನೊಮ್ಮೆ ಕಾಣಬೇಕೆಂಬ ಅವರ ಆಸೆಯೇ ನಮ್ಮ ವಿಹಾರಕ್ಕೆ ಕಾರಣ. ಹೊರಡುವಾಗ ಎಲ್ಲವೂ ಸುಗಮವಾಗಿತ್ತು. ಹಿಂದಿರುಗಿದಾಗ ಆರೂ ಮುಕ್ಕಾಲು, ಕತ್ತಲೆ; ನೀರು ಪೂರ್ತಿ ತಗ್ಗಿತ್ತು; ದೋಣಿ ತೆರೆಗೆ ಏರಿಳಿಯುತ್ತಿತ್ತು. ಹಿರಿಯರು ಇಟ್ಟ ಮೊದಲ ಹೆಜ್ಜೆಯೇ ಪಾಚಿಯ ಮೇಲೆ. ದೋಣಿಯ ಹುಡುಗ ರಟ್ಟೆ ಹಿಡಿಯದಿದ್ದರೆ ದೋಣಿಗೂ ಕಲ್ಲಿಗೂ ನಡುವೆ ಬೀಳುತ್ತಿದ್ದರು. ಮೊಣಕಾಲಿನ ಚರ್ಮ ತರಚಿತು, ಅಷ್ಟೇ. ಅವರಿಗೆ ತೊಡಿಸಿದ್ದ ಜೀವರಕ್ಷಕ ಅಂಗಿಯನ್ನು ದಡ ಹತ್ತಿರ ಬಂದಿತೆಂದು ಎರಡು ನಿಮಿಷ ಮೊದಲೇ ಬಿಚ್ಚಿಸಿಕೊಂಡಿದ್ದರು. ಇದರಲ್ಲಿ ದೋಣಿಯವರ ತಪ್ಪು ಎಷ್ಟೋ ನಮ್ಮದೂ ಅಷ್ಟೇ. ಬೇಡವೆನ್ನಲು ನಮ್ಮಲ್ಲಿ ಒಬ್ಬರಿಗೂ ತೋಚಲಿಲ್ಲ.

ಎರಡನೆಯ ಬಾರಿ ಅವರನ್ನೇ ಕರೆದುಕೊಂಡು ಮಾರ್ಗಶಿರ ಶುದ್ಧ ತ್ರಯೋದಶಿಯಂದು ಹೋದೆವು. ಆ ತಿಥಿಯಲ್ಲಿ ಇಳಿತ ನಾಲ್ಕೂವರೆಯ ಸುಮಾರಿಗೆ ಮುಗಿದು, ಹಿಂದಿರುಗುವ ಹೊತ್ತಿಗೆ ನೀರು ಎರಡು ತಾಸು ಏರಿರುತ್ತದೆ. ಕೆಳಗಿನ ಮೆಟ್ಟಿಲುಗಳು ಮುಚ್ಚಿರುತ್ತವೆ. ಚಂದ್ರ ಸೂರ್ಯಾಸ್ತಕ್ಕೆ ಒಂದೂವರೆ ತಾಸು ಮೊದಲೇ ಹುಟ್ಟಿ ಗುಡ್ಡಗಳ ಮೇಲಿನ ಮಬ್ಬನ್ನು ದಾಟಿರುತ್ತಾನೆ. ಹುಣ್ಣಿಮೆಯಂದು ಆ ಮಬ್ಬಿನಿಂದಾಗಿಯೇ ನಮಗೆ ಚಂದ್ರೋದಯ ಸರಿಯಾಗಿ ಕಂಡಿರಲಿಲ್ಲ. ಹಿರಿಯರನ್ನೂ ಮಕ್ಕಳನ್ನೂ ಕರೆದೊಯ್ಯುವವರಿಗೆ ನಮ್ಮ ಸಲಹೆ ಶುಕ್ಲಪಕ್ಷದ ದ್ವಾದಶಿ ಅಥವಾ ತ್ರಯೋದಶಿ. ಚಂದ್ರನ ಗೊಡವೆ ಬೇಡ, ಮೆಟ್ಟಿಲು ಸುಲಭವಾದರೆ ಸಾಕೆನ್ನುವವರಿಗೆ ಎರಡೂ ಪಕ್ಷಗಳ ಅಷ್ಟಮಿ ಒಳ್ಳೆಯದು.

ಈ ಬಂದರಿನ ದುರಂತಗಳನ್ನು ಬಲ್ಲವರು ಜೀವರಕ್ಷಕ ಅಂಗಿಯನ್ನು ಹಗುರವಾಗಿ ಕಾಣುವುದಿಲ್ಲ. 1947ರ ಜುಲೈ 17ರಂದು, ಆಷಾಢದ ಅಮಾವಾಸ್ಯೆಯ ದಿನ, ಭಾವೂಚಾ ಧಕ್ಕೆಯಿಂದ ರೇವಸಿಗೆ ಹೊರಟ ರಾಮದಾಸ್ ಹಡಗು ಮಳೆಗಾಳಿಗೆ ಸಿಕ್ಕಿ ಮಗುಚಿ ಆರುನೂರಕ್ಕೂ ಹೆಚ್ಚು ಜನ ಮುಳುಗಿದರು. 2024ರ ಡಿಸೆಂಬರ್ 18ರಂದು, ಮಳೆಯೂ ಇಲ್ಲದ ಗಾಳಿಯೂ ಇಲ್ಲದ ಮಧ್ಯಾಹ್ನ, ನೂರಕ್ಕೂ ಹೆಚ್ಚು ಜನರಿದ್ದ ಘಾರಾಪುರಿಯ ಪ್ರವಾಸಿ ದೋಣಿಗೆ ನೌಕಾದಳದ ವೇಗದೋಣಿಯೊಂದು ನಿಯಂತ್ರಣ ತಪ್ಪಿ ಅಪ್ಪಳಿಸಿತು. ಹದಿಮೂರಕ್ಕೂ ಹೆಚ್ಚು ಮಂದಿ ಅಸುನೀಗಿದರು. ಆ ಬಳಿಕ ಪ್ರಯಾಣಿಕರೆಲ್ಲರೂ ಅಂಗಿ ತೊಡುವುದನ್ನು ಕಡ್ಡಾಯಗೊಳಿಸಲಾಯಿತು. ದೋಣಿ ಹತ್ತುವ ಮುನ್ನ ಅಂಗಿಗಳು ತಲೆಗೊಂದರಂತೆ ಇವೆಯೇ, ಪಟ್ಟಿಗಳು ಗಟ್ಟಿಯಾಗಿವೆಯೇ, ಮಕ್ಕಳ ಅಳತೆಯವು ಬೇರೆ ಇವೆಯೇ ಎಂದು ನೋಡಬೇಕು. ದೋಣಿಗೆ ಪರವಾನಗಿಯಲ್ಲಿ ಎಷ್ಟು ಜನರ ಮಿತಿಯಿದೆ ಎಂದು ಕೇಳಲು ಸಂಕೋಚ ಬೇಡ. ಮಿತಿ ಆರು ಎಂದವರು ಏಳನೆಯವರನ್ನು 'ಸಣ್ಣ ಹುಡುಗ, ನಡೆಯುತ್ತದೆ' ಎಂದು ಹತ್ತಿಸಿಕೊಂಡರೆ ಆ ದೋಣಿಯನ್ನು ಬಿಡಬೇಕು. ಅಂಗಿಯನ್ನು ಬಿಚ್ಚುವುದು ಒಣ ಮೆಟ್ಟಿಲು ತಲುಪಿದ ಮೇಲೆ.

ಹಾಯಿದೋಣಿಯೋ ಯಂತ್ರದ ದೋಣಿಯೋ ಎಂಬುದು ಅವರವರ ಅಭಿರುಚಿ. ಹಾಯಿದೋಣಿಯಲ್ಲಿ ಸದ್ದಿಲ್ಲ, ಹೊಗೆಯಿಲ್ಲ. ಆದರೆ ಮಧ್ಯಾಹ್ನದ ಕಡಲಗಾಳಿ ಸಂಜೆ ಬಿದ್ದುಹೋಗುವುದುಂಟು, ಆಗ ನಿಂತಲ್ಲೇ ನಿಲ್ಲಬೇಕು. ನಮಗೆ ಹಾಗೆ ಕಳೆದ ಕಾಲು ಗಂಟೆಯೇ ಎಲ್ಲಕ್ಕಿಂತ ಹಿತವಾಗಿತ್ತು; ರೈಲು ಹಿಡಿಯುವ ಅವಸರದವರಿಗೆ ಅದೇ ಸಂಕಟವಾದೀತು. ಬಾಡಿಗೆ ದಿನ, ವೇಳೆ, ಚೌಕಾಶಿಗಳನ್ನವಲಂಬಿಸಿ ಬದಲಾಗುತ್ತದೆ. ವಾರಾಂತ್ಯದಲ್ಲಿ ದುಬಾರಿ. ಹಣ ತಲೆಯ ಲೆಕ್ಕವೋ ದೋಣಿಯ ಲೆಕ್ಕವೋ, ಗಂಟೆ ಎಣಿಸುವುದು ಹತ್ತಿದಾಗಿನಿಂದಲೋ ಹೊರಟಾಗಿನಿಂದಲೋ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು.

ಸೂರ್ಯಾಸ್ತ ನವೆಂಬರ್ ಕೊನೆಯಲ್ಲಿ ಸುಮಾರು 6 ಗಂಟೆಗೆ, ಜನವರಿ ಕೊನೆಯಲ್ಲಿ 6.30ಕ್ಕೆ, ಮೇ ಕೊನೆಯಲ್ಲಿ 7.10ಕ್ಕೆ. ಅದಕ್ಕೆ ಮುಕ್ಕಾಲು ಗಂಟೆ ಮೊದಲು ದೋಣಿ ಹತ್ತಿದರೆ ಸರಿಹೋಗುತ್ತದೆ. ಸೂರ್ಯ ಮುಳುಗಿದ ಇಪ್ಪತ್ತೈದು ನಿಮಿಷಗಳೊಳಗೆ ಕತ್ತಲು. ಜೂನಿನಿಂದ ಆಗಸ್ಟಿನವರೆಗೆ ಮಳೆಗಾಲ, ಸಣ್ಣ ದೋಣಿಗಳ ವಿಚಾರವೇ ಬೇಡ. ನಮಗೆ ಡಿಸೆಂಬರಿನಿಂದ ಫೆಬ್ರವರಿ ಪ್ರಶಸ್ತವೆನಿಸಿದೆ. ತೆಳುವಾದ ಸ್ವೆಟರ್ ಇರಲಿ, ಹಿಮ್ಮಡಿಗೆ ಪಟ್ಟಿಯಿರುವ ರಬ್ಬರ್ ತಳದ ಚಪ್ಪಲಿ ಇರಲಿ. ರೇಡಿಯೋ ಕ್ಲಬ್ ಬಳಿ ಪ್ರಯಾಣಿಕರಿಗಾಗಿ ಹೊಸ ಜೆಟ್ಟಿ ಕಟ್ಟುವ ಯೋಜನೆಗೆ ಸ್ಥಳೀಯ ನಿವಾಸಿಗಳ ವಿರೋಧವಿತ್ತು. 2025ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಷರತ್ತುಗಳೊಡನೆ ಅದಕ್ಕೆ ಸಮ್ಮತಿಸಿತು.

ಸೂರ್ಯ ನೀರಿನಲ್ಲಿ ಮುಳುಗುವುದನ್ನೇ ದೋಣಿಯಿಂದ ಕಾಣಬೇಕೆನ್ನುವವರಿಗೂ ಒಂದು ದಾರಿಯಿದೆ. ಚಳಿಗಾಲದಲ್ಲಿ ಮಧ್ಯಾಹ್ನ ಮಾಂಡವಾಕ್ಕೆ ಹೋಗಿ, ಸಂಜೆಯ ದೋಣಿಯಲ್ಲಿ ಹಿಂದಿರುಗುವುದು. ಆ ದಿನಗಳಲ್ಲಿ ಸೂರ್ಯ ನೈಋತ್ಯದ ಕಡೆಗೆ ಸರಿದಿರುತ್ತಾನೆ. ಮಾಂಡವಾ ಬಳಿಯ ನೀರಿನಿಂದ ಆ ದಿಕ್ಕಿಗೆ ಕೊಲಾಬಾ ಅಡ್ಡಬರುವುದಿಲ್ಲ, ತೆರೆದ ಅರಬ್ಬೀ ಸಮುದ್ರವೇ. ದೋಣಿಯ ಎಡಬದಿಯಲ್ಲಿ ಕೂರಬೇಕು.