ದೊಡ್ಡಸ್ವಾಮಿಯ ಉಡುಪು: ಮೈಸೂರು ಸೀಮೆಯ ಪರದೇಶಿ ಪಾದ್ರಿಗಳ ದಿನದ ಬದುಕು ಮತ್ತು ಸಭೆಯ ಕೆಲಸ

ಕನ್ನಡದಲ್ಲಿ ‘ಪರದೇಶಿ’ ಎಂದರೆ ಹೊರನಾಡಿನವನು; ದಿಕ್ಕಿಲ್ಲದವನೂ ಹೌದು. ಈ ಎರಡೂ ಅರ್ಥಕ್ಕೆ ಸಲ್ಲುವ ಪಾದ್ರಿಯೊಬ್ಬರ ಊರು ಹಾಸನ ಸೀಮೆಯಲ್ಲಿದೆ: ಸಾತಳ್ಳಿ. ಮೊದಲನೆಯ ಅರ್ಥಕ್ಕೆ ಮಾತ್ರ ಸಲ್ಲುವವರ ಬಂಗಲೆ ಇದ್ದದ್ದು ಗುಬ್ಬಿಯಲ್ಲಿ. ಮಿಷನರಿಗಳ ಇತಿಹಾಸವನ್ನು ನಾವು ಹೆಚ್ಚಾಗಿ ನಿಘಂಟು, ಅಚ್ಚುಕೂಟ, ಶಾಲೆಗಳ ಲೆಕ್ಕದಲ್ಲಿ ಬರೆದಿದ್ದೇವೆ. ಅವರು ಏನು ಉಟ್ಟರು, ಏನು ಉಂಡರು, ಯಾರ ಹಂಗಿನಲ್ಲಿದ್ದರು ಎಂಬುದನ್ನು ಅಡಿಟಿಪ್ಪಣಿಗೆ ತಳ್ಳಿದ್ದೇವೆ. ಅವರಿಂದ ಯಾವ ಕೆಲಸ ಸಾಧ್ಯವಾಯಿತು, ಯಾವುದು ಆಗಲಿಲ್ಲ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಆ ಅಡಿಟಿಪ್ಪಣಿಯೇ ಎಂಬುದು ಈ ಲೇಖನದ ವಾದ.

ಸಾತಳ್ಳಿಯ ಆ ಪಾದ್ರಿ, ಅಬ್ಬೆ ಜೆ.ಎ. ದ್ಯುಬುವಾ, ಫ್ರಾನ್ಸ್ ಬಿಟ್ಟದ್ದು 1792ರಲ್ಲಿ, ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯ ಪಾದ್ರಿಯಾಗಿ. ಅವರ ಬೆನ್ನ ಹಿಂದೆಯೇ ಕ್ರಾಂತಿ ಅಲ್ಲಿನ ಮಠಗಳನ್ನೂ ಅವುಗಳ ಖಜಾನೆಯನ್ನೂ ನುಂಗಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಟಿಪ್ಪುವಿನ ಕಾಲದಲ್ಲಿ ಬಲವಂತವಾಗಿ ಮತ ಬಿಟ್ಟಿದ್ದ ಕ್ರೈಸ್ತರನ್ನು ಮತ್ತೆ ಸಭೆಗೆ ಸೇರಿಸಿಕೊಳ್ಳಲು ಅವರು ಮೈಸೂರು ಸೀಮೆಗೆ ಬಂದರು. ಪರಿಸ್ಥಿತಿಯ ವಿಚಿತ್ರ ನೋಡಿ: ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ ನಡೆಯುತ್ತಿದ್ದ ದಿನಗಳಲ್ಲಿ, ಇಂಗ್ಲಿಷರ ಹಿಡಿತದ ಸೀಮೆಯಲ್ಲಿ ಒಬ್ಬ ಫ್ರೆಂಚ್ ಪಾದ್ರಿ. ತವರಿನಿಂದ ದುಡ್ಡಿಲ್ಲ, ಆಳುವವರು ಸ್ವಜನರಲ್ಲ. ಉಳಿದ ಆಸರೆಯೆಂದರೆ ಹಳ್ಳಿ.

ಮದ್ರಾಸಿನಲ್ಲಿ ಥಾಮಸ್ ಹಿಕಿ ಬರೆದ ದ್ಯುಬುವಾ ಅವರ ಚಿತ್ರದಲ್ಲಿ ಕರಿ ನಿಲುವಂಗಿಯ ಐರೋಪ್ಯ ಪಾದ್ರಿ ಇಲ್ಲ. ದೇಸಿ ಉಡುಪಿನ ಮನುಷ್ಯನಿದ್ದಾನೆ. ಜನ ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆಯುತ್ತಿದ್ದರು. ದನದ ಮಾಂಸ, ಹೆಂಡಗಳ ಕಾರಣಕ್ಕೆ ‘ಪರಂಗಿ’ ಎಂಬ ಮಾತು ಬೈಗುಳದ ಅಂಚಿಗೆ ಬಂದು ನಿಂತಿದ್ದ ಕಾಲವದು. (ಅದೇ ಹೆಸರು ಹೊತ್ತು ಬಂದ ಹಣ್ಣನ್ನು ಮಾತ್ರ ನಾವು ತಕರಾರಿಲ್ಲದೆ ತಿಂದೆವು.) ಪರಂಗಿತನವನ್ನು ಕಳಚಿಡುವ ಈ ಉಪಾಯ ಅವರ ಸ್ವಂತದ್ದಲ್ಲ. ಮಧುರೆಯಲ್ಲಿ ಜೆಸುಯಿಟ್ ಪಾದ್ರಿ ದೆ ನೊಬಿಲಿ ಹಾಕಿದ ದಾರಿಯನ್ನೇ 17ನೇ ಶತಮಾನದ ನಡುವೆ ಲಿಯೊನಾರ್ದೊ ಚಿನ್ನಾಮಿ ಮೈಸೂರಿಗೂ ತಂದಿದ್ದರು. ಆ ಜೆಸುಯಿಟರಿಗೆ ವೇಷವೊಂದು ತಂತ್ರ. ಕೈಬರಿದಾದ ದ್ಯುಬುವಾ ಅವರಿಗೆ ಅದು ಬದುಕುವ ದಾರಿಯೂ ಆಗಿತ್ತೆಂದು ನನಗೆ ತೋರುತ್ತದೆ.

ಈ ಬಾಳಿನ ಫಲ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಗುಡಿಯೊಳಗಲ್ಲ, ಮಕ್ಕಳ ತೋಳಿನ ಮೇಲೆ. ಸಿಡುಬಿನ ಹಾಲು, ಎಂದರೆ ಸಿಡುಬು ತಡೆಯುವ ಲಸಿಕೆ, ಭಾರತಕ್ಕೆ ಬಂದದ್ದು 1802ರಲ್ಲಿ. ಆ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಮಗುವೊಂದಕ್ಕೆ ಮೊದಲ ಬಾರಿ ಹಾಕಲಾಯಿತು. 1803–04ರಲ್ಲಿ ದ್ಯುಬುವಾ ಅವರ ಉಸ್ತುವಾರಿಯಲ್ಲಿ ಮೈಸೂರು ಸೀಮೆಯ 25,432 ಜನರಿಗೆ ಅದನ್ನು ಹಾಕಿದ ದಾಖಲೆಯಿದೆ. ಇದರ ಹಿಂದಿನ ಶ್ರಮ ತಿಳಿಯಬೇಕಾದರೆ ಅಂದಿನ ಕ್ರಮ ತಿಳಿದಿರಬೇಕು. ಮದ್ದನ್ನು ಸೀಸೆಯಲ್ಲಿ ತುಂಬಿಟ್ಟು ಕಾಯುವಂತಿರಲಿಲ್ಲ. ಬಿಸಿಲಿಗೆ ಅದು ಕೆಡುತ್ತಿತ್ತು. ಹಾಕಿಸಿಕೊಂಡ ಮಗುವಿನ ತೋಳಿನಲ್ಲಿ ಎಂಟನೆಯ ದಿನದ ಹೊತ್ತಿಗೆ ಗುಳ್ಳೆ ಬಲಿತಾಗ, ಅದರ ಕೀವನ್ನು ಸೂಜಿಮೊನೆಯಲ್ಲಿ ತೆಗೆದು ಮುಂದಿನ ತೋಳಿಗೆ ಚುಚ್ಚಬೇಕು. ಒಂದು ವಾರ ತಪ್ಪಿದರೆ ಸರಪಳಿಯೇ ಕಡಿದುಹೋಗುತ್ತದೆ. ಅಂದರೆ ಮೊದಲ ತಾಯಿ ತನ್ನ ಮಗುವನ್ನು ಎರಡನೆಯ ಸಲ ಕರೆತರಬೇಕು. ಇನ್ನೊಬ್ಬಳು ಯಾರದೋ ಮೈಯ ಕೀವನ್ನು ತನ್ನ ಮಗುವಿಗೆ ಚುಚ್ಚಲು ಒಪ್ಪಬೇಕು. ಅದೂ ಸಿಡುಬನ್ನು ‘ಅಮ್ಮ’ ಎಂದು ಪೂಜಿಸುವ ನಾಡಿನಲ್ಲಿ, ಜಾತಿಯ ಮೈಲಿಗೆ ಗಟ್ಟಿಯಾಗಿದ್ದ ಕಾಲದಲ್ಲಿ. ಬಂದು ಹೋಗುವ ದೊರೆಗೆ ಇದು ಆಗುವ ಮಾತಲ್ಲ. ಎಂಟು ದಿನದ ಮೇಲೂ ಅದೇ ಜಗಲಿಯಲ್ಲಿ ಸಿಗುವವನು ಬೇಕು. ಮೈಸೂರು ಅರಮನೆಯ ಮೂವರು ಸ್ತ್ರೀಯರ 1805ರ ಸುಮಾರಿನ ಚಿತ್ರ ಈ ಚುಚ್ಚುಮದ್ದಿನ ಪ್ರಚಾರಕ್ಕೆ ಬರೆಸಿದ್ದೆಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಅದರ ಚಿತ್ರಕಾರನೂ ಹಿಕಿ ಎಂಬುದು ಕಾಕತಾಳೀಯವಿರಬಹುದು.

ಸಾತಳ್ಳಿಯಲ್ಲಿ ದ್ಯುಬುವಾ ಬಡ ಕ್ರೈಸ್ತರಿಗಾಗಿ ಒಂದು ಬೇಸಾಯದ ನೆಲೆ ಕಟ್ಟಿದರು. ಪೂಜೆ, ಜ್ಞಾನಸ್ನಾನ, ಪಾಪನಿವೇದನೆಗಳಷ್ಟೇ ಬೀಳು ನೆಲ, ಎತ್ತು, ಬಿತ್ತನೆಯೂ ಪಾದ್ರಿಯ ಜವಾಬ್ದಾರಿಯಾಯಿತು.

ಅವರ ಹೆಸರಾಂತ ಗ್ರಂಥದ ವಿಚಾರದಲ್ಲಿ ಮಾತ್ರ ಎಚ್ಚರ ಬೇಕು. ಹಿಂದೂಗಳ ನಡೆನುಡಿಗಳನ್ನು ಕುರಿತ ಆ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿ ಮದ್ರಾಸಿಗೆ ಕಳಿಸಿದರು. 1807ರಲ್ಲಿ ಕಂಪನಿ ಸರ್ಕಾರ 2,000 ವರಹ ಕೊಟ್ಟು ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಜನರ ನಡುವೆ ಬಾಳಿ ಕಣ್ಣಾರೆ ಕಂಡು ಬರೆದದ್ದೆಂಬುದೇ ಅದರ ಕೀರ್ತಿ. ಆದರೆ ಅದರ ಬಹುಭಾಗ ಜೆಸುಯಿಟ್ ಪಾದ್ರಿ ಕೆರ್ದೂ ಅವರ ಹಳೆಯ ಬರಹದಿಂದ ಬಂದದ್ದೆಂದು ಸಿಲ್ವಿಯಾ ಮ್ಯುರ್ 1987ರಲ್ಲಿ ತೋರಿಸಿಕೊಟ್ಟರು. ಹಾಗಾಗಿ ಹಾಸನ ಸೀಮೆಯ ದಿನದ ಬದುಕನ್ನು ಆ ಪುಟಗಳಲ್ಲಿ ಹುಡುಕುವವರು ಮೋಸಹೋಗುತ್ತಾರೆ. ಇಲ್ಲಿ ಅವರ ಉಡುಪು ಅವರ ಲೇಖನಿಗಿಂತ ನಂಬಿಕೆಯ ಸಾಕ್ಷಿ.

ಗುಬ್ಬಿಯ ಕಥೆ ಬೇರೆ. 1837ರಲ್ಲಿ ಥಾಮಸ್ ಹಾಡ್ಸನ್ ಅಲ್ಲಿ ವೆಸ್ಲಿಯನ್ ಮಿಷನ್ನಿನ ನೆಲೆ ತೆರೆದರು. 1839ರಲ್ಲಿ ಐರ್ಲೆಂಡಿನ ಯುವಕ ವಿಲಿಯಂ ಆರ್ಥರ್ ಬಂದು ಸೇರಿದರು. ಇವರ ಹಿಂದೆ ಲಂಡನ್ನಿನ ಸಂಘವಿತ್ತು, ವರದಿ ಕೇಳುವ ಚಂದಾದಾರರಿದ್ದರು. ಉಡುಪು, ಊಟ ಬದಲಿಸುವ ಒತ್ತಾಯ ಅವರಿಗಿರಲಿಲ್ಲ. ಅವರ ಕೆಲಸ ನಿಂತದ್ದು ಮಾತಿನ ಮೇಲೆ: ಸಂತೆ, ಜಾತ್ರೆಗಳಲ್ಲಿ ಉಪದೇಶ, ಶಾಲೆಯಲ್ಲಿ ಪಾಠ. ಹಾಗಾಗಿ ಮುನ್ಷಿಯ ಎದುರು ಕೂತು ಕನ್ನಡದ ವಿಭಕ್ತಿ ಒಪ್ಪಿಸುವುದೇ ಮೊದಲ ಸೇವೆ. ಹಾಡ್ಸನ್ನರ ಕನ್ನಡ ವ್ಯಾಕರಣ (1859) ಆ ಕಲಿಕೆಯ ಫಸಲು. ಆರ್ಥರ್ ಭಾಷೆಯನ್ನು ಪ್ರೀತಿಯಿಂದ ಕಲಿತರು, ಆದರೆ ಕಣ್ಣು ಕೈಕೊಟ್ಟಿತು. 1841ರಲ್ಲೇ ಊರಿಗೆ ಮರಳಬೇಕಾಯಿತು. ಅವರ ಮೈಸೂರು ಮಿಷನ್ನಿನ ಪುಸ್ತಕ 1847ರಲ್ಲಿ ಲಂಡನ್ನಿನಲ್ಲಿ ಹೊರಬಂತು.

ಮದುವೆಯೂ ಈ ಲೆಕ್ಕದೊಳಗೇ ಬರುತ್ತದೆ. ದ್ಯುಬುವಾ ವ್ರತಸ್ಥರು. ಮೈಸೂರು ಸೀಮೆಯ ಹೊರಗೆ, ಮಂಗಳೂರು, ಧಾರವಾಡಗಳ ಬಾಸೆಲ್ ಮಿಷನರಿಗೆ ಮದುವೆಯಾಗಲು ಬಾಸೆಲ್ಲಿನ ಕಮಿಟಿಯ ಅನುಮತಿ ಬೇಕಿತ್ತು. ವಧು ಎಷ್ಟೋ ಸಲ ಹಡಗಿನಲ್ಲಿ ಬರುತ್ತಿದ್ದಳು. ಆ ಮಿಷನ್ನಿನ ನಿಘಂಟುಕಾರ ಕಿಟೆಲ್ 1860ರಲ್ಲಿ ಪೌಲೀನ್ ಐತ್ ಅವರನ್ನು ಮದುವೆಯಾದರು. 1864ರಲ್ಲಿ ಆಕೆ ತೀರಿಕೊಂಡ ಮೇಲೆ ತಂಗಿ ಯೂಲಿಯೆಯನ್ನು ವರಿಸಿದರು. ಮಕ್ಕಳು ಓದುವ ವಯಸ್ಸಿಗೆ ಬಂದರೆ ಬಾಸೆಲ್ಲಿನ ಮಕ್ಕಳ ಮನೆಗೆ ಕಳಿಸುವುದು ರೂಢಿಯಾಗಿತ್ತು. 1894ರ ನಿಘಂಟನ್ನು ಹೊಗಳುವ ನಮ್ಮ ಭಾಷಣಗಳಲ್ಲಿ ಈ ಮನೆಯ ಮಾತು ಬಂದದ್ದನ್ನು ನಾನು ಕೇಳಿಲ್ಲ.

ದ್ಯುಬುವಾ 1823ರ ಜನವರಿಯಲ್ಲಿ ಭಾರತ ಬಿಟ್ಟರು, ಕಂಪನಿಯ ಪಿಂಚಣಿ ಪಡೆದು. ಅದೇ ವರ್ಷ ಅಚ್ಚಾದ ಅವರ ಪತ್ರಗಳಲ್ಲಿ ಇಪ್ಪತ್ತೈದು ವರ್ಷದ ದುಡಿಮೆಯ ಲೆಕ್ಕವಿದೆ: ಮತಕ್ಕೆ ಬಂದವರು ಇನ್ನೂರು, ಮುನ್ನೂರರ ನಡುವೆ; ಅವರಲ್ಲಿ ಮೂರರಲ್ಲಿ ಎರಡು ಪಾಲು ಹೊಲೆಯರು, ಭಿಕ್ಷುಕರು. ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗದ ಮಾತೆಂದು ಅವರು ಸಾರಿದರು. ಪ್ರಾಟೆಸ್ಟೆಂಟ್ ಪಾಳೆಯದಿಂದ ಜೇಮ್ಸ್ ಹಫ್ 1824ರಲ್ಲಿ ಪುಸ್ತಕವನ್ನೇ ಬರೆದು ಉತ್ತರಿಸಿದರು. ಆ ಜಗಳದ ಕಾವಿನಲ್ಲಿ ಎರಡೂ ಕಡೆಯವರು ಎಣಿಸಿದ್ದು ಜ್ಞಾನಸ್ನಾನಗಳನ್ನು. 25,432 ತೋಳುಗಳು ಯಾರ ಪಟ್ಟಿಗೂ ಸೇರಲಿಲ್ಲ. ದೊಡ್ಡಸ್ವಾಮಿ ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ನಿರ್ದೇಶಕರಲ್ಲೊಬ್ಬರಾಗಿ, ಮತ್ತೆ ಕರಿ ನಿಲುವಂಗಿ ತೊಟ್ಟು, 1848ರವರೆಗೆ ಬಾಳಿದರು.