ವೈಫೈ ಮೋಟಾರ್ ಕಂಟ್ರೋಲರ್‌ಗೆ ‘ಅಪ್‌ಡೇಟ್’ ಬಂದರೆ ಏನು ಮಾಡಬೇಕು? ಇಲ್ಲಿದೆ ಮಾಹಿತಿ

ಕಿರುಗಾವಲು: ಟ್ಯಾಂಕ್ ತುಂಬಿದರೆ ತಾನೇ ಮೋಟಾರ್ ಆಫ್ ಮಾಡುವ ಡಬ್ಬಿ, ಮೊಬೈಲ್‌ನಲ್ಲೇ ಒತ್ತುವ ಸ್ವಿಚ್, ಅಂಗಡಿ ಮುಂದೆ ಅಕ್ಷರ ಓಡುವ ಎಲ್‌ಇಡಿ ಬೋರ್ಡ್. ಇವನ್ನೆಲ್ಲ ದೊಡ್ಡ ಕಂಪನಿಯೇ ಮಾಡಬೇಕೆಂದಿಲ್ಲ. ಎಲೆಕ್ಟ್ರಾನಿಕ್ಸ್ ಗೊತ್ತಿರೋ ಹುಡುಗರು ಮನೆಯಲ್ಲೇ ಜೋಡಿಸಿ ಕೊಡ್ತಾರೆ. ಒಳಗೆ ಸಾಮಾನ್ಯವಾಗಿ ಇರೋದು ಚೀನಾದ ಎಸ್‌ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಅಥವಾ 2016ರಲ್ಲಿ ಬಂದ ಇಎಸ್‌ಪಿ32 ಚಿಪ್.

ಈ ಚಿಪ್ ನಡೆಸುವ ಪ್ರೋಗ್ರಾಂಗೆ ಫರ್ಮ್‌ವೇರ್ ಅಂತಾರೆ. ಡಬ್ಬಿ ಬಿಚ್ಚದೆ ವೈಫೈನಲ್ಲೇ ಅದನ್ನು ಬದಲಾಯಿಸೋದೇ ‘ಒಟಿಎ’ ಅಪ್‌ಡೇಟ್. ಸಣ್ಣ ದೋಷಕ್ಕೂ ಮಳವಳ್ಳಿಗೋ ಮಂಡ್ಯಕ್ಕೋ ಡಬ್ಬಿ ಹೊತ್ತುಕೊಂಡು ಹೋಗೋದು ಇದರಿಂದ ತಪ್ಪುತ್ತೆ.

ಅರ್ಧದಲ್ಲಿ ಕರೆಂಟ್ ಹೋದರೆ?

ಇಎಸ್‌ಪಿ32ರಲ್ಲಿ ಒಟಿಎಗೆಂದೇ ಮೆಮೊರಿಯಲ್ಲಿ ಎರಡು ಜಾಗ ಮಾಡಿರ್ತಾರೆ. ಹಳೆ ಪ್ರೋಗ್ರಾಂ ಒಂದರಲ್ಲಿ ನಡೀತಿರುವಾಗಲೇ ಹೊಸದು ಇನ್ನೊಂದರಲ್ಲಿ ಬಂದು ಕೂರುತ್ತೆ. ಪೂರ್ತಿ ಇಳಿಯುವ ಮುಂಚೆ ಕರೆಂಟ್ ಹೋದರೆ ಹಳೆಯದೇ ಉಳಿಯುತ್ತೆ, ಗಾಬರಿ ಬೇಡ. ಪೂರ್ತಿ ಇಳಿದ ಪ್ರೋಗ್ರಾಂನಲ್ಲೇ ತಪ್ಪಿದ್ದರೆ ಮಾತ್ರ ಕಷ್ಟ. ಆಗ ಹಳೆಯದಕ್ಕೆ ವಾಪಸ್ ಹೋಗಲು ‘ರೋಲ್‌ಬ್ಯಾಕ್’ ಬೇಕು. ಮಾಡಿಕೊಟ್ಟವರು ಅದನ್ನು ಹಾಕಿರದಿದ್ದರೆ ಡಬ್ಬಿ ಬಿಚ್ಚಿ ವೈರ್ ಹಾಕೋದೇ ದಾರಿ.

ಅಪ್‌ಡೇಟ್ ಮಾಡುವಾಗ

* ಮೊದಲೇ ಟ್ಯಾಂಕ್ ತುಂಬಿಸಿಕೊಳ್ಳಿ.
* ಡಬ್ಬಿಗೆ ಕರೆಂಟ್ ಇರಲಿ, ಮೋಟಾರ್ ಮೇನ್ ಸ್ವಿಚ್ ಆಫ್ ಇರಲಿ. ರೀಸ್ಟಾರ್ಟ್ ಆಗುವಾಗ ಕೆಲವು ಡಬ್ಬಿಗಳಲ್ಲಿ ರಿಲೇ ಒಂದು ಕ್ಷಣ ಆನ್ ಆಗಬಹುದು.
* ಕರೆಂಟ್ ಹೋಗಿ ಬರೋ ಹೊತ್ತಲ್ಲಿ ಬೇಡ.
* ಈ ಎರಡು ಚಿಪ್‌ಗೂ 2.4 ಗಿಗಾಹರ್ಟ್ಜ್ ವೈಫೈ ಮಾತ್ರ ಸಿಗುತ್ತೆ, 5 ಗಿಗಾಹರ್ಟ್ಜ್ ಕಾಣಲ್ಲ.
* ರೂಟರ್ ಪಾಸ್‌ವರ್ಡ್ ಬದಲಾಯಿಸಿದರೆ ಡಬ್ಬಿಗೂ ತಿಳಿಸಬೇಕು. ಬಹಳಷ್ಟು ಡಬ್ಬಿಗಳು ಆಗ ತಮ್ಮದೇ ಹಾಟ್‌ಸ್ಪಾಟ್ ಹಾಕುತ್ತವೆ. ಮೊಬೈಲ್ ಅದಕ್ಕೆ ಸೇರಿಸಿ, ಬ್ರೌಸರ್‌ನಲ್ಲಿ 192.168.4.1 ಹಾಕಿ ನೋಡಿ.

ಅಪ್‌ಡೇಟ್ ಮಾಡದೇ ಬಿಟ್ಟರೆ?

ಅದೂ ಅಪಾಯವೇ. 2021ರ ಸೆಪ್ಟೆಂಬರ್ 30ರಂದು ಇಂಟರ್‌ನೆಟ್ ಭದ್ರತೆಯ ಒಂದು ಹಳೆ ಪ್ರಮಾಣಪತ್ರದ ಅವಧಿ ಮುಗಿಯಿತು. ಅದನ್ನೇ ನಂಬಿಕೊಂಡಿದ್ದ, ಅಪ್‌ಡೇಟ್ ಆಗದ ಎಷ್ಟೋ ಹಳೆ ಸಾಧನಗಳಿಗೆ ಅಂದು ಸರ್ವರ್ ಸಂಪರ್ಕ ತಪ್ಪಿತು. ಮಾಡಿಕೊಟ್ಟ ಹುಡುಗ ಕೆಲಸ ಹುಡುಕಿ ಬೆಂಗಳೂರಿಗೆ ಹೋದರೆ ನಿಮ್ಮ ಡಬ್ಬಿಗೂ ಇದೇ ಗತಿ ಬರಬಹುದು.

ಕೊಳ್ಳುವ ಮುಂಚೆ ಕೇಳಿ

1. ಇಂಟರ್‌ನೆಟ್ ಇಲ್ಲದಿದ್ದರೂ ಟ್ಯಾಂಕ್ ತುಂಬಿದಾಗ ಮೋಟಾರ್ ನಿಲ್ಲುತ್ತಾ? ಕೈಯಲ್ಲಿ ಒತ್ತುವ ಸ್ವಿಚ್ ಇದೆಯಾ?
2. ಅಪ್‌ಡೇಟ್ ನಮ್ಮನ್ನು ಕೇಳಿ ಆಗುತ್ತಾ, ತಾನೇ ಆಗುತ್ತಾ?
3. ಅಪ್‌ಡೇಟ್‌ಗೆ ಪಾಸ್‌ವರ್ಡ್ ಇದೆಯಾ? ಇಲ್ಲದಿದ್ದರೆ ನಿಮ್ಮ ವೈಫೈಗೆ ಸೇರಿದ ಯಾರು ಬೇಕಾದರೂ ಬೇರೆ ಪ್ರೋಗ್ರಾಂ ತುಂಬಬಹುದು.
4. ರೋಲ್‌ಬ್ಯಾಕ್ ಹಾಕಿದ್ದೀರಾ?
5. ನೀವು ಸಿಗದಿದ್ದರೆ ಪ್ರೋಗ್ರಾಂ ಫೈಲು, ಪಾಸ್‌ವರ್ಡ್ ಯಾರ ಹತ್ರ ಇರುತ್ತೆ?

ಉತ್ತರಗಳನ್ನು, ಜೊತೆಗೆ ಫರ್ಮ್‌ವೇರ್ ವರ್ಷನ್ ನಂಬರನ್ನು ಬಿಲ್ ಹಿಂದೆ ಬರೆಸಿಕೊಳ್ಳಿ. ಮುಂದೆ ಬೇರೆಯವರು ರಿಪೇರಿ ಮಾಡಬೇಕಾದರೆ ಮೊದಲು ಕೇಳೋದು ಅದನ್ನೇ.